ನಂಗು ಮೀನಿನ ಎರಡು ಕಣ್ಣೂ ಒಂದೇ ಕಡೆ

ಕಡಲ ನೀರಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿಯದಿದ್ದ ಕಾಲ ಅದು. ಆಗ ಎಲ್ಲ ಮೀನುಗಳ ಹಾಗೆ ನಂಗು ಮೀನಿಗೂ ಆಚೆಗೊಂದು, ಈಚೆಗೊಂದು ಕಣ್ಣಿತ್ತು.

ಮನುಷ್ಯರು ಬಲೆ ಬೀಸಿ ಬೀಸಿ ಕಡಲನ್ನೇ ಬರಿದು ಮಾಡಿದರು. ನಂಗುವಿನ ಬಂಧುಬಳಗವೆಲ್ಲ ಬಲೆಗೆ ಹೋಯಿತು. ಉಳಿದದ್ದು ಅದೊಂದೇ, ಮತ್ತೆ ಅದರ ಹಿಡಿಯಷ್ಟು ಮೊಟ್ಟೆ. ಕಡಲಮ್ಮನಿಗೆ ಸಿಟ್ಟು ಬಂತು. "ಇನ್ನು ದೋಣಿಗೆ ದಿನಕ್ಕೆ ಒಂದೇ ಬುಟ್ಟಿ ಮೀನು," ಎಂದಳು.

ಕಾಲ ಸರಿಯಿತು. ಮೊಟ್ಟೆ ಮರಿಯಾಯಿತು, ಮರಿ ಮೀನಾಯಿತು, ಕಡಲು ಮತ್ತೆ ತುಂಬಿತು. ಆಗ ಶೀನ ಮರಕಾಲ ಎಂಬ ಮೀನುಗಾರ ದಡದಲ್ಲಿ ನಿಂತು ಕೈಮುಗಿದ.

"ಅಮ್ಮಾ, ಈಗ ಮೀನ್ ತುಂಬಿತಲೆ. ಮನೆಲಿ ಮಕ್ಳ್ ಹೆಚ್ಚಾಯ್ತ್, ಒಂದ್ ಬುಟ್ಟಿ ಸಾಕಾತಿಲ್ಲೆ. ಇನ್ನೊಂದ್ ಕೊಡ್ಕ್."

ಕಡಲಮ್ಮನ ಮನಸ್ಸು ಕರಗಿತು. ಆದರೆ ನಂಗು ಬಿಡಬೇಕಲ್ಲ. "ಬೆಳ್ಳಗಿರುವುದೆಲ್ಲ ಹಾಲಲ್ಲ, ಅಮ್ಮಾ. ಕೇಳುವುದು ಎರಡು ಬುಟ್ಟಿ, ಒಯ್ಯುವುದು ಎಷ್ಟೋ ಯಾರು ಕಂಡರು?"

"ಹಾಗಾದರೆ ನೀನೇ ಕಾವಲಿರು," ಎಂದ ಕಡಲಮ್ಮ ಶೀನನತ್ತ ತಿರುಗಿದಳು. "ಈ ಮಳೆಗಾಲದವರೆಗೆ ಒಂದು ಬುಟ್ಟಿ ಮೀರದಿದ್ದರೆ ಎರಡನೆಯದು ಕೊಡುತ್ತೇನೆ. ಮೀರಿದರೆ ಇದ್ದದ್ದೂ ಇಲ್ಲ."

ನಂಗು ಮರಳಲ್ಲಿ ಮಗ್ಗುಲಾಗಿ ಮಲಗಿ ದೋಣಿಯ ಹೊಟ್ಟೆ ನೋಡತೊಡಗಿತು. ಮೀನು ಹೆಚ್ಚಾದರೆ ದೋಣಿ ಹೆಚ್ಚು ಮುಳುಗಲೇಬೇಕು. ಅದನ್ನು ಮಾತ್ರ ಯಾರೂ ಮುಚ್ಚಿಡಲಾರರು.

ಮರಳಲ್ಲಿ ಹೂತುಹೋದ ಕಣ್ಣು ಕೇಳಿತು, "ಏನು ಕಾಣುತ್ತದೆ?"

"ದೋಣಿ ಸರಿಯಾಗಿಯೇ ಇದೆ," ಎಂದಿತು ಮೇಲಿನ ಕಣ್ಣು.

"ನೀನು ಹೇಳಿದರಾಯಿತೇ? ನಾನೇ ನೋಡಬೇಕು."

ದಿನಾ ಇದೇ ಮಾತು. ದಿನಾ ಕೂದಲೆಳೆಯಷ್ಟು ಸರಿದು ಸರಿದು, ಕೆಳಗಿನ ಕಣ್ಣು ತಲೆ ದಾಟಿ ಮೇಲಿನ ಕಣ್ಣಿನ ಪಕ್ಕಕ್ಕೇ ಬಂದು ಕೂತಿತು.

ಒಂದು ದಿನ ಶೀನನ ದೋಣಿ ತುಂಬಾ ಮುಳುಗಿತ್ತು.

"ನೋಡಿದೆಯಾ?" ಎಂದಿತು ಒಂದು ಕಣ್ಣು. "ನನಗೆ ಮೊದಲೇ ಗೊತ್ತಿತ್ತು," ಎಂದಿತು ಇನ್ನೊಂದು.

ನಂಗು ಉರಿದುಕೊಂಡು ಮೇಲಕ್ಕೆ ಬಂತು. ದೋಣಿಯಲ್ಲಿ ಒಂದೇ ಬುಟ್ಟಿ. ಅದರ ಸುತ್ತ ಶೀನನ ಹೆಂಡತಿ ಅಕ್ಕು, ಮತ್ತೆ ಒತ್ತಿಕೊಂಡು ಕೂತ ಮಕ್ಕಳು.

"ಎಂತ ಇಣ್ಕಿ ಕಾಂತೆ?" ಶೀನನಿಗೆ ಬೇಸರವಾಯಿತು. "ಮಕ್ಳಿಗೆ ದೋಣಿ ಹತ್ಕ್ ಅಂದೇಳಿ ಹಟ, ಕರ್ಕಂಡ್ ಬಂದೆ. ನಾನ್ ಮಾತಿಗ್ ತಪ್ಪುವನಲ್ಲ."

"ನಿನ್ನಜ್ಜನೂ ಹೀಗೇ ಹೇಳಿ ಕಡಲು ಬರಿದು ಮಾಡಿದ್ದ," ಎಂದಿತು ನಂಗು. ಅದಕ್ಕೆ ನಾಚಿಕೆಯಾಗಿತ್ತು. ಆದರೂ ಬುಟ್ಟಿಯೊಳಗೆ ಇಣುಕದೆ ಹೋಗಲಿಲ್ಲ.

ಮಳೆಗಾಲ ಬಂತು. ಕಡಲಮ್ಮ ಮಾತಿನಂತೆ ಎರಡನೆಯ ಬುಟ್ಟಿ ಕೊಟ್ಟಳು. "ಮೀನು ಹೆಚ್ಚಿದರೆ ಬುಟ್ಟಿ ಹೆಚ್ಚು, ಮೀನು ತಗ್ಗಿದರೆ ಬುಟ್ಟಿಯೂ ತಗ್ಗು. ನೆನಪಿರಲಿ," ಎಂದಳು. ಆ ದಿನ ಅಕ್ಕುವಿನ ಮಕ್ಕಳು ಹೊಟ್ಟೆ ತುಂಬಾ ಉಂಡರು.

"ನಂಗೂ, ಇನ್ನಾದರೂ ಆ ಕಣ್ಣನ್ನು ಅದರ ಜಾಗಕ್ಕೆ ಕಳಿಸು," ಎಂದಳು ಕಡಲಮ್ಮ.

"ಬುಟ್ಟಿ ಎರಡಾಯಿತಲ್ಲ, ಅಮ್ಮಾ. ನೋಡುವ ಕೆಲಸವೂ ಹೆಚ್ಚಿತು," ಎಂದು ನಂಗು ಮರಳು ಹೊದ್ದು ಮಲಗಿತು.

ಅದಕ್ಕೇ ಮಗಾ, ಇವತ್ತಿಗೂ ನಂಗುವಿನ ಮರಿ ಹುಟ್ಟುವಾಗ ಕಣ್ಣು ಆಚೆಗೊಂದು ಈಚೆಗೊಂದು ಇರುತ್ತದೆ, ಬೆಳೆಯುತ್ತಾ ಒಂದು ಕಣ್ಣು ಮೆಲ್ಲಗೆ ಇನ್ನೊಂದರ ಪಕ್ಕಕ್ಕೆ ಸರಿಯುತ್ತದೆ. ನೀನು ದೋಣಿ ಹತ್ತಿದ ದಿನ ಕೆಳಗೆ ಬಗ್ಗಿ ನೋಡು, ಮರಳಿನಿಂದ ಎರಡು ಕಣ್ಣು ನಿನ್ನ ದೋಣಿ ಎಷ್ಟು ಮುಳುಗಿದೆಯೆಂದು ನೋಡುತ್ತಿರುತ್ತವೆ.