ಕಾಳವ್ವ ಆರಿಸಿದ ತಗಡು

ನಮ್ಮ ಮುತ್ತಜ್ಜನಿಗೆ ಇನ್ನೂ ಮೀಸೆ ಮೂಡಿರದ ಕಾಲದಲ್ಲಿ, ಮಲಪ್ರಭೆಯ ದಂಡೆಯ ಒಂದೂರಲ್ಲಿ ಕಾಳವ್ವ ಎಂಬ ಕಮ್ಮಾರರ ಹೆಣ್ಣುಮಗಳು ಇದ್ದಳಂತೆ. ಗಂಡ ತೀರಿಕೊಂಡ ಮೇಲೆ ಕುಲುಮೆ ಆರಲು ಬಿಡದೆ ತಾನೇ ಸುತ್ತಿಗೆ ಹಿಡಿದವಳಂತೆ. ತಗಡನ್ನು ಬೆರಳಿನಿಂದ ಒಮ್ಮೆ ಬಡಿದರೆ ಸಾಕು, ಅದು ಎಷ್ಟು ಮಳೆಗಾಲ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದಳಂತೆ. ಅವಳು ಸೂರಿನ ಮೇಲೆ ಕೂತು ಮೊಳೆ ಹೊಡೆದು ಮುಗಿಸುವವರೆಗೆ ಮೋಡ ಕೂಡ ಊರಾಚೆ ನಿಂತು ಕಾಯುತ್ತಿತ್ತಂತೆ. ಮೋಡದ ಮಾತು ಬಿಡಿ, ಉಳಿದದ್ದು ನಿಜ.

ಅದು ನೇಕಾರರ ಊರು. ಅಲ್ಲಿ ಗುರುಪಾದಪ್ಪನೆಂಬ ನೇಕಾರನಿದ್ದ. ರೇಷ್ಮೆ ಸೀರೆ ನೇಯುವುದರಲ್ಲಿ ಎತ್ತಿದ ಕೈ. ಆದರೆ ಅವನ ಮನೆಯ ಹುಲ್ಲಿನ ಸೂರು ಸೋರಿ ಸೋರಿ, ಮಗ್ಗದ ಮೇಲಿದ್ದ ಎರಡು ಸೀರೆಗೆ ಕಲೆ ಬಿದ್ದಿತ್ತು. ಸಾಹುಕಾರ ಎರಡನ್ನೂ ಮುಖಕ್ಕೆ ಎಸೆದಿದ್ದ. ಮೂರನೆಯದೂ ಕೆಟ್ಟರೆ ಇನ್ನು ನೂಲು ಕೊಡುವುದಿಲ್ಲ ಎಂದಿದ್ದ. ನೂಲೇ ಇಲ್ಲದ ಮೇಲೆ ನೇಕಾರನ ಮನೆಯಲ್ಲಿ ಒಲೆ ಹೊತ್ತುವುದೆಲ್ಲಿಂದ?

ಆ ಬೇಸಿಗೆಯಲ್ಲಿ ವ್ಯಾಪಾರಿಯೊಬ್ಬ ಎರಡು ಬಂಡಿ ತಗಡು ತಂದನಂತೆ. ಒಂದರಲ್ಲಿ ಕನ್ನಡಿಯಂತೆ ಮಿಂಚುವ ತಗಡು, ಇನ್ನೊಂದರಲ್ಲಿ ಬೂದಿ ಬಣ್ಣದ ಮಂಕು ತಗಡು. ಊರೆಲ್ಲ ಮಿಂಚುವುದನ್ನೇ ಮುತ್ತಿತಂತೆ. ಗುರುಪಾದಪ್ಪನ ಮನಸ್ಸೂ ಅದರ ಮೇಲೇ. ಕಾಳವ್ವ ಬಂದಳು, ಎರಡನ್ನೂ ಬಡಿದು ನೋಡಿದಳು, ಉಪ್ಪುನೀರಲ್ಲಿ ಅದ್ದಿದ ಬಿಳಿ ಅರಿವೆಯನ್ನು ಎರಡರ ಮೇಲೂ ಹಾಸಿದಳು. ಮೂರು ದಿನ ಯಾರೂ ಮುಟ್ಟಬೇಡಿ ಎಂದಳಂತೆ. ಅರಿವೆ ಒಣಗಿದಾಗೆಲ್ಲ ತಾನೇ ಬಂದು ಮತ್ತೆ ನೀರು ಚಿಮುಕಿಸಿದಳಂತೆ. ಮೂರನೆಯ ದಿನ ಎತ್ತಿ ನೋಡಿದರೆ, ಮಿಂಚುವ ತಗಡಿನ ಮೇಲಿನ ಅರಿವೆಗೆ ಎಲೆಯಡಿಕೆ ಉಗಿದಂತೆ ತುಕ್ಕಿನ ಕೆಂಪು ಕಲೆ! ಮಂಕು ತಗಡಿನ ಮೇಲಿನದು ಹಾಸಿದ ಹಾಗೇ ಬೆಳ್ಳಗಿತ್ತು.

ಆದರೆ ಆ ವ್ಯಾಪಾರಿ ಮಹಾ ಘಾಟಿ. ಮಂಕು ತಗಡು ಬೇಕಾದರೆ ಮಿಂಚುವುದನ್ನೂ ಕೊಳ್ಳಬೇಕು, ಇಲ್ಲವಾದರೆ ಎರಡೂ ಬಂಡಿ ಮುಂದಿನೂರಿಗೆ ಎಂದುಬಿಟ್ಟನಂತೆ. ಕಲೆ ಕಂಡ ಮೇಲೆ ಯಾರು ಮುಂದೆ ಬರುತ್ತಾರೆ? ಆಗ ಕಾಳವ್ವ, ತನ್ನ ಕುಲುಮೆಗೆ ಮಿಂಚುವುದೇ ಚಂದ ಎಂದು ನಗುತ್ತ, ಆ ಬಂಡಿಯನ್ನು ತನ್ನ ಮನೆಯತ್ತ ಹೊಡೆಸಿದಳಂತೆ. ಮಂಕು ತಗಡನ್ನು ಗುರುಪಾದಪ್ಪನ ಮನೆಗೆ ಕೈಯಾರೆ ಹೊದಿಸಿದಳು. ಅಲೆಅಲೆಯಾದ ತಗಡಿನಲ್ಲಿ ನೀರು ಹರಿಯುವ ತಗ್ಗಿಗೆ ಒಂದೂ ಮೊಳೆ ಹೊಡೆಯದೆ ಏರಿನ ಮೇಲೇ ಹೊಡೆದಳು. ಮುದುಕಿಗೆ ಈ ವಯಸ್ಸಲ್ಲಿ ಮಿಂಚಿನ ಹುಚ್ಚು ಎಂದು ಊರು ನಕ್ಕಿತು. ಗುರುಪಾದಪ್ಪನೂ ನಕ್ಕ. ಹಾಗೆ ನಂಬಿದರೆ ಅವನಿಗೂ ನಿರಾಳ ನೋಡಿ.

ಎರಡು ಮಳೆಗಾಲ ಕಳೆಯಿತು. ಅವನ ಮಗ್ಗದ ಮೇಲೆ ಒಂದು ಹನಿ ಬೀಳಲಿಲ್ಲ. ಸಾಹುಕಾರ ತಾನಾಗಿಯೇ ನೂಲು ಕಳಿಸತೊಡಗಿದ. ಮೂರನೆಯ ಮಳೆಗಾಲದಲ್ಲಿ ಕತ್ತರಿಗೆ ಸಾಣೆ ಹಿಡಿಸಲು ಕುಲುಮೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟನಂತೆ. ಸೂರು ಜರಡಿಯಾಗಿತ್ತು. ನೆಲದ ತುಂಬ ಗಡಿಗೆಗಳು. ಕಾಳವ್ವ ತಲೆಯ ಮೇಲೆ ಗೋಣಿಚೀಲ ಹೊದ್ದು ತಿದಿ ಒತ್ತಿ ಬೆಂಕಿ ಊದುತ್ತಿದ್ದಳು. ಬೆನ್ನ ಮೇಲೆಲ್ಲ ತುಕ್ಕಿನ ಕೆಂಪು ನೀರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ ಅವನಿಗೆ. ತಗಡು ಅದಲುಬದಲು ಮಾಡೋಣ ಎಂದು ಕೈ ಮುಗಿದನಂತೆ.

"ಹುಚ್ಚ ಹಿಡದೈತೇನೋ ನಿನಗ, ಗುರುಪಾದಾ? ನನ್ನ ಮೈಮ್ಯಾಲೆ ಬಿದ್ದದ್ದು ನಾ ತೊಳಕೋತೀನಿ. ನಿನ್ನ ರೇಷ್ಮಿ ಮ್ಯಾಲೆ ಬಿದ್ರ ಯಾರು ತೊಳೀತಾರ?"

ಅವನು ಬಿಡಲಿಲ್ಲ, ಎಲ್ಲಿಂದಲೋ ಒಳ್ಳೆಯ ತಗಡು ಹೊತ್ತು ತಂದುಕೊಟ್ಟ. ಅವಳು ಅದನ್ನೂ ಒಯ್ದು ಇನ್ನೊಬ್ಬ ನೇಕಾರನ ಸೂರಿಗೆ ಹೊದಿಸಿ ಬಂದಳಂತೆ. ಸಾಯುವವರೆಗೂ ಹಾಗೇ, ಗಡಿಗೆಗಳ ನಡುವೆಯೇ ಬದುಕಿದಳಂತೆ. ಎಂಥ ಹೆಣ್ಣುಮಗಳಪ್ಪಾ!

ಈಗಲೂ ಆ ಊರಲ್ಲಿ ಮನೆಗೆ ತಗಡು ಕೊಳ್ಳುವವರು ಒಂದು ಹೆಚ್ಚಿಗೆ ಕೊಳ್ಳುತ್ತಾರೆ. ಇದ್ದುದರಲ್ಲಿ ಗಟ್ಟಿಯಾದುದನ್ನು ಆರಿಸಿ, ಮೊದಲು ಕಾಳವ್ವನ ಕುಲುಮೆಗೆ ಹೊದಿಸಿ, ಆಮೇಲೆ ತಮ್ಮ ಸೂರಿಗೆ ಕೈ ಹಚ್ಚುತ್ತಾರೆ. ತಗಡಿನ ಮೇಲೆ ತಗಡು ಕೂತು, ಎಂಥ ಮಳೆ ಬಂದರೂ ಈಗ ಅಲ್ಲಿ ಒಂದು ಹನಿ ಸೋರುವುದಿಲ್ಲ. ಒಳಗೆ ಯಾರೂ ಇಲ್ಲ.