ಹೆಸರಿಗೆ ಕಾದ ಕೂಸು

“ಗುರುಗಳೇ, ನಾನು ಕಲಿತದ್ದು ಸಾಕಾಯಿತೆಂದು ನನಗೆ ತಿಳಿಯುವುದು ಹೇಗೆ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ. ಅವನ ಊರಿನ ಮಕ್ಕಳಿಗೆ ಅಕ್ಷರ ಹೇಳಿಕೊಡುವವರಿರಲಿಲ್ಲ. ನೀನಾದರೂ ಬಾ ಎಂದು ಊರವರು ಮೂರು ವರ್ಷದಿಂದ ಹೇಳಿಕಳಿಸುತ್ತಿದ್ದರು. ಇನ್ನೊಂದು ಶಾಸ್ತ್ರ ಮುಗಿಯಲಿ ಎಂದು ಇವನು ಪ್ರತಿ ವರ್ಷವೂ ಮಠದಲ್ಲೇ ಉಳಿಯುತ್ತಿದ್ದ.

ಗುರುಗಳು ನಕ್ಕರು. ಪುಸ್ತಕ ಮಡಿಸಿಡು ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ಬಡಗಿ ಇದ್ದ. ಹೊಳೆಯ ಈ ದಡದಲ್ಲಿ ಅವನ ಮನೆ, ಆ ದಡದಲ್ಲಿ ಹೆಂಡತಿಯ ತವರು. ಚೊಚ್ಚಲ ಹೆರಿಗೆಗೆ ಅವಳನ್ನು ಅಣ್ಣಂದಿರು ಕರೆದೊಯ್ದಿದ್ದರು. ಒಂದು ಬೆಳಿಗ್ಗೆ, ಗಂಡುಕೂಸು ಹುಟ್ಟಿತೆಂದು ಆ ದಡದಿಂದ ಕೂಗಿ ಹೇಳಿದರು. ಹೊಳೆ ಕೂಗಳತೆಯಷ್ಟೇ ಅಗಲ. ಆದರೆ ಆ ಜನರಲ್ಲಿ ಕೂಸಿನ ಹೆಸರನ್ನು ತಂದೆಯೇ ಬಂದು ಅದರ ಕಿವಿಯಲ್ಲಿ ಹೇಳಬೇಕು. ಅಲ್ಲಿಯವರೆಗೆ ಅದಕ್ಕೆ ಹೆಸರಿಲ್ಲ, ಅದು ಹೊಳೆ ದಾಟುವಂತೆಯೂ ಇಲ್ಲ. ಬಡಗಿ ಹೆಸರನ್ನು ಆಗಲೇ ಗೊತ್ತುಮಾಡಿಕೊಂಡಿದ್ದ.

ಬಿದಿರು ಕಡಿದು ತೆಪ್ಪ ಕಟ್ಟಿದ. ನೀರಿಗಿಳಿಸುವಾಗ ಅವನಿಗೆ ಮಾವನ ಮನೆಯ ನೆನಪಾಯಿತು. ಮೊಣಕಾಲವರೆಗೆ ಒದ್ದೆಯಾದ ಅಳಿಯ ಆ ಬಾಗಿಲಲ್ಲಿ ನಿಲ್ಲುವುದೇ? ನಾಚಿಕೆಯಾಯಿತು. ದೊಡ್ಡ ಮರ ಉರುಳಿಸಿ, ಒಡಲು ಕೊರೆದು ದೋಣಿ ಮಾಡಿದ. ಬಿರುಕಿಗೆ ಮೆತ್ತಲು ರಾಳ ಕಾಯಿಸಬೇಕಿತ್ತು. ತೆಪ್ಪವನ್ನೇ ಒಲೆಗೆ ಹಾಕಿದ.

ದೋಣಿ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ, ಎಲ್ಲೋ ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನಿಂದ ಹೊಲಿಯುತ್ತಾರಂತೆ ಎಂದು ಕೇಳಿದ. ತಾನೂ ಹೊಲಿದ. ರಾಳದ ಒಲೆಯಲ್ಲಿ ಹಳೆಯ ದೋಣಿ ಉರಿಯಿತು. ಆಮೇಲೆ ಗಾಳಿ ಹಿಡಿಯುವ ಹಾಯಿಯ ಸುದ್ದಿ ಬಂತು. ಒಂದು ಹಾಯಿ ಮೂರಾಯಿತು, ಮೂರು ಏಳಾಯಿತು.

ವರ್ಷ ಎಷ್ಟಾಯಿತು ಎಂದು ನನ್ನನ್ನು ಕೇಳಬೇಡ. ಕೆಲಸದಲ್ಲಿ ಮುಳುಗಿದವನಿಗೆ ವರ್ಷ ಕಾಣುವುದಿಲ್ಲ. ರಾಜರು ಬಂದರು, ಹೋದರು. ಹೊಳೆಯ ಮೇಲೆ ಮಂಜು ಕವಿಯುತ್ತಿತ್ತು, ಕರಗುತ್ತಿತ್ತು. ಬೆಳಗಿನ ಹೊತ್ತು ಆ ಮಂಜಿನೊಳಗಿಂದ ಜೋಗುಳ ತೇಲಿ ಬರುತ್ತಿತ್ತು. ಹೆಸರು ಬರಬೇಕಾದ ಕಡೆ ಹೆಂಡತಿ ಬರೀ ‘ಕೂಸೇ’ ಎನ್ನುತ್ತಿದ್ದಳು. ಕೇಳಿದಾಗಲೆಲ್ಲ ಬಡಗಿಗೆ ಅಳು ಬರುತ್ತಿತ್ತು. ಕಣ್ಣೊರೆಸಿಕೊಂಡು ಮತ್ತೆ ಉಳಿ ಹಿಡಿಯುತ್ತಿದ್ದ. ಒಂದು ದಿನ ಜೋಗುಳ ಕೇಳಿಸಲಿಲ್ಲ. ಗಾಳಿ ಆ ಕಡೆ ಬೀಸುತ್ತಿರಬೇಕು ಎಂದುಕೊಂಡ.

ದಾರಿಯಲ್ಲಿ ಹೋಗುತ್ತಿದ್ದ ಬೆಸ್ತನೊಬ್ಬ ಏಳು ಹಾಯಿಗಳನ್ನು ತಲೆಯೆತ್ತಿ ನೋಡಿದ.

“ಯಾವ ದೇಶಕ್ಕೆ ಹೊರಟೆಯಪ್ಪಾ?”

“ಎದುರು ದಡಕ್ಕೆ” ಎಂದ ಬಡಗಿ. ಬೆಸ್ತ ಬಲೆಯನ್ನು ಹೆಗಲಿಗೇರಿಸಿ ತನ್ನ ದಾರಿ ಹಿಡಿದ.

ಕೊನೆಗೆ ಬಡಗಿ ಕಬ್ಬಿಣದ ಹಡಗಿಗೆ ಕೈಹಾಕಿದ. ಉಗಿಯಿಂದ ಓಡುವಂಥದ್ದು. ಹಾಯಿಹಡಗಿನ ಮರವೆಲ್ಲ ಕುಲುಮೆಗೆ ಹೋಯಿತು. ಹೊಸ ಹಡಗು ಹೊಗೆ ಬಿಡುತ್ತ ಗಂಭೀರವಾಗಿ ಹೊರಟಿತು. ನಡುಹೊಳೆಗೆ ಬಂದದ್ದೇ ತಳ ಮರಳಿಗೆ ತಾಗಿ ನಿಂತುಬಿಟ್ಟಿತು. ಅಂಥ ಹಡಗಿನಿಂದ ದಡ ಸೇರಲು ಒಂದು ಸಣ್ಣ ದೋಣಿ ಬೇಕು. ಸಣ್ಣದನ್ನೆಲ್ಲ ಅವನು ಸುಟ್ಟಿದ್ದ.

ಎದುರು ದಡದಲ್ಲಿ ಗಡ್ಡ ನರೆತ ಮುದುಕನೊಬ್ಬ ನಿಂತು ಹಡಗನ್ನು ನೋಡುತ್ತಿದ್ದ. ಮನೆಯೊಳಗಿಂದ ಯಾರೋ ಅವನನ್ನು ಊಟಕ್ಕೆ ಕರೆದರು. ಕೂಸೇ, ಬಾ ಎಂದು ಕರೆದರು. ಅದು ಬಡಗಿಗೆ ಕೇಳಿಸಿತು. ಅವನ ಎದೆ ಒಡೆದುಹೋಯಿತು.

ಆಮೇಲೆ ಅವನು ಆ ದಡ ಸೇರಿದ. ಮುದುಕನ ಕಿವಿಗೆ ಬಾಯಿಟ್ಟು ಹೆಸರು ಹೇಳಿದ. ಮುದುಕನಿಗೆ ಕಿವಿ ಮಂದವಾಗಿತ್ತು. ಎರಡು ಸಲ ಹೇಳಬೇಕಾಯಿತು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧನಿಗೆ ಒಂದು ಮಾತು ಬಗೆಹರಿಯಲಿಲ್ಲ.

“ಹಡಗು ಮರಳಿನಲ್ಲಿ ಸಿಕ್ಕಿಕೊಂಡಿತ್ತು, ದೋಣಿ ಇರಲಿಲ್ಲ. ಅವನು ದಡ ಸೇರಿದ್ದು ಹೇಗೆ, ಗುರುಗಳೇ?”

“ಈಜಿಕೊಂಡು ಹೋದ, ಈಜು ಅವನಿಗೆ ಮೊದಲ ದಿನವೂ ಬರುತ್ತಿತ್ತು.”