ಬರಿಗೈಯಲ್ಲಿ ಬಾರದ ಅಲೆ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಯಾವ ಕಡೆಗೆ ನಡೆಯಬೇಕೆಂದು ಏಡಿ ಇನ್ನೂ ತೀರ್ಮಾನ ಮಾಡಿರಲಿಲ್ಲ. ಹೊಳೆಗೆ ದಾರಿ ಅಭ್ಯಾಸವಾಗಿರಲಿಲ್ಲ. ಆಗಾಗ ತಪ್ಪಿ ಯಾರದೋ ಗದ್ದೆಗೆ ನುಗ್ಗಿ, ನಾಚಿಕೊಂಡು ವಾಪಸು ಬರುತ್ತಿತ್ತು.

ಆ ಕಾಲದಲ್ಲಿ ಕಡಲಿಗೆ ಅಲೆಯೇ ಇರಲಿಲ್ಲ. ನಗಬೇಡ ಮಗಾ, ನಿಜವಾಗಿಯೂ ಇರಲಿಲ್ಲ. ಬಾವಿಯ ನೀರು ಹೇಗೆ ಇದ್ದಲ್ಲೇ ಇರುತ್ತದೋ, ಹಾಗೆ ಕಡಲಮ್ಮ ಇದ್ದಲ್ಲೇ ಇರುತ್ತಿದ್ದಳು. ಮರಳಿನ ಅಂಚಿನವರೆಗೆ ಅವಳ ಜಾಗ, ಅಲ್ಲಿಂದ ಈಚೆಗೆ ಮನುಷ್ಯರ ಜಾಗ. ನಡುವೆ ಬೇಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ಅಂಚಿಗೆ ಮೊದಲ ಮನೆ ಮಂಕಾಳಿಯದು. ಅವಳ ಗಂಡ ಜಟ್ಟ. ಮನೆಗೆ ತೆಂಗಿನ ಗರಿಯ ಮಡಲು ಹೊದೆಸಿದ ಮಾಡು, ಹಿಂದುಗಡೆ ಒಂದು ಬಾವಿ, ಬಾವಿಯಾಚೆ ಅಂಗೈಯಗಲ ಗದ್ದೆ. ಕಡಲಮ್ಮ ಮತ್ತು ಮಂಕಾಳಿ ಅಕ್ಕಪಕ್ಕದ ಮನೆಯವರು ಇರುವ ಹಾಗೆಯೇ ಇದ್ದರು. ಮಂಕಾಳಿ ಒಂದು ಮಡಕೆ ಗಂಜಿ ಕೊಂಡುಹೋಗಿ ದಡದಲ್ಲಿ ಇಟ್ಟರೆ, ಕಡಲಮ್ಮ ಗಂಜಿ ಕುಡಿದು ಅದೇ ಮಡಕೆಯಲ್ಲಿ ಬಂಗಡೆ ಮೀನು ತುಂಬಿ ಕೊಡುತ್ತಿದ್ದಳು. ಕಡಲಮ್ಮ ತನ್ನ ದೊಡ್ಡ ಚಿಪ್ಪಿನ ಬೋಗುಣಿಯಲ್ಲಿ ಸಿಗಡಿ ಕಳಿಸಿದರೆ, ಮಂಕಾಳಿ ಬೋಗುಣಿ ತೊಳೆದು, ಬೆಲ್ಲವೋ ಅವಲಕ್ಕಿಯೋ ಹಾಕಿ ಹಿಂದಿರುಗಿಸುತ್ತಿದ್ದಳು. ಬಲೆ ಇಲ್ಲ, ದೋಣಿ ಇಲ್ಲ. ಮೀನು ಬೇಕಾದರೆ ಕೇಳಿದರಾಯಿತು.

ನೆರೆಮನೆಯ ಪಾತ್ರೆಯನ್ನು ಖಾಲಿ ಕೊಡಬಾರದು. ನಿನ್ನ ಅಮ್ಮನೂ ಇವತ್ತಿಗೂ ಕೊಡುವುದಿಲ್ಲ, ನೋಡಿದ್ದೀಯಲ್ಲ? ಒಂದು ಸಲ ಮನೆಯಲ್ಲಿ ಏನೂ ಸಿಗದೆ ಮಂಕಾಳಿ ಬೋಗುಣಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಜಟ್ಟ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹ್ವಾಯ್, ಕಡಲಿಗೆ ಉಪ್ಪು ಕೊಡುವವಳನ್ನ ನಾನು ಎಲ್ಲಿಯೂ ಕಾಣ್ಲಿಲ್ಲ!"

"ನಗಾಡ್ಬೇಡಿ. ಮನೆಯಲ್ಲಿ ಇದ್ದದ್ದೇ ಅಷ್ಟು."

ಕಡಲಮ್ಮ ಮಾತ್ರ ಆ ಉಪ್ಪನ್ನು ಸಕ್ಕರೆಯ ಹಾಗೆ ಚಪ್ಪರಿಸಿದಳು.

ಹೀಗಿರುವಾಗ ಒಂದು ವರ್ಷ, ಭತ್ತ ಹಾಲು ತುಂಬುವ ಹೊತ್ತಿಗೆ, ದೂರದಿಂದ ಒಂದು ಬಿರುಗಾಳಿ ಬಂತು. ಈಗಿನ ಬಿರುಗಾಳಿಗಳಿಗೆ ಹೆಸರಿಡುತ್ತಾರೆ, ಟಿವಿಯಲ್ಲಿ ಚಿತ್ರ ತೋರಿಸುತ್ತಾರೆ. ಆಗ ಹೆಸರೂ ಇರಲಿಲ್ಲ, ಮೊದಲೇ ಹೇಳಿ ಬರುವ ಪದ್ಧತಿಯೂ ಇರಲಿಲ್ಲ. ಬಂದದ್ದೇ ಮಂಕಾಳಿಯ ಮಾಡನ್ನು ಎತ್ತಿಕೊಂಡು ಹೋಯಿತು. ಜಟ್ಟ ಎಂಟು ದಿನ ಕೂತು ಹೊಸ ಮಡಲು ಹೆಣೆದು ಹೊದೆಸಿದ.

ಹೊದೆಸಿದ ಮರುದಿನ ಇನ್ನೊಂದು ಬಂತು. ಭತ್ತವನ್ನೆಲ್ಲ ನೆಲಕ್ಕೆ ಮಲಗಿಸಿತು. ಅದು ಹೋಯಿತು ಅನ್ನುವಷ್ಟರಲ್ಲಿ ಮೂರನೆಯದು. ತೆಂಗಿನ ಮರಗಳು ಬುಡ ಸಮೇತ ಬಿದ್ದವು, ಹಟ್ಟಿಯ ಗೋಡೆ ಕುಸಿಯಿತು, ದನ ಎಲ್ಲಿ ಓಡಿತೋ ತಿಳಿಯಲಿಲ್ಲ. ನಾಲ್ಕನೆಯದು ಬರುವಾಗ ಊರಿನಲ್ಲಿ ಯಾರೂ ಮಾಡು ಹೊದೆಸುವ ಕೆಲಸಕ್ಕೇ ಹೋಗಿರಲಿಲ್ಲ. ಚಾಪೆಯ ಅಡಿಯಲ್ಲಿ ಕೂತಿದ್ದರು.

"ಎಂತಕ್ಕೆ ಹೀಗೆ ಬರ್ತೀಯಪ್ಪ? ಒಂದು ಕಡೆ ನಿಲ್ಲಬಾರದಾ?" ಎಂದು ಮಂಕಾಳಿ ಕೇಳಿದಳು.

"ನಿಂತರೆ ನಾನು ಗಾಳಿಯೇ ಅಲ್ಲ ತಾಯಿ" ಎಂದು ಬಿರುಗಾಳಿ ಹೇಳಿ, ಚಾಪೆಯನ್ನೂ ತೆಗೆದುಕೊಂಡು ಹೋಯಿತು.

ಇಷ್ಟಾದರೂ ಕಡಲಮ್ಮ ಅಲುಗಿರಲಿಲ್ಲ. ಗಾಳಿಗಳು ಅವಳ ತಲೆಯ ಮೇಲೆ ಹಾದು ಹೋಗುತ್ತಿದ್ದವು. ನೆರೆಯವರು ಹಸಿದಿದ್ದಾರೆಂದು ತಿಳಿದು, ಅವಳು ಬೋಗುಣಿಯ ತುಂಬ ಮೀನು ಕಳಿಸಿದಳು. ಮಂಕಾಳಿ ಅದನ್ನು ಊರಿಗೆಲ್ಲ ಹಂಚಿದಳು. ಬೋಗುಣಿ ತೊಳೆದು ಒರೆಸಿದಳು. ಆಮೇಲೆ ಅದರೊಳಗೆ ಹಾಕುವುದಕ್ಕೆ ಏನಾದರೂ ಇದೆಯಾ ಎಂದು ಮನೆಯೆಲ್ಲ ಹುಡುಕಿದಳು.

ಅಕ್ಕಿ ಇಲ್ಲ, ಬೆಲ್ಲ ಇಲ್ಲ. ಉಪ್ಪು ಕೂಡ ಮಳೆಗೆ ಕರಗಿ ಹೋಗಿತ್ತು.

"ಈ ಒಂದು ಸಲ ಖಾಲಿ ಕೊಡು. ಅವಳು ಎಂತದೂ ಅಂದುಕೊಳ್ಳೂದಿಲ್ಲ" ಅಂದ ಜಟ್ಟ.

"ಹಸಿದಾಗ ಊಟ ಕೊಟ್ಟವಳಿಗೆ ಖಾಲಿ ಪಾತ್ರೆಯಾ? ನನ್ನ ಕೈಯಲ್ಲಿ ಆಗೂದಿಲ್ಲ."

ಬೋಗುಣಿ ಮನೆಯಲ್ಲೇ ಉಳಿಯಿತು. ಒಂದು ದಿನ, ಎರಡು ದಿನ, ಎಂಟು ದಿನ. ಮಂಕಾಳಿಗೆ ದಡದ ಕಡೆ ಮುಖ ತೋರಿಸಲು ನಾಚಿಕೆ. ಕಡಲಮ್ಮನ ಕಣ್ಣಿಗೆ ಬೀಳಬಾರದೆಂದು ಮರಳಿನ ದಿಬ್ಬದ ಹಿಂದಿನಿಂದ ಸುತ್ತಿ ಓಡಾಡಿದಳು.

ಅತ್ತ ಕಡಲಮ್ಮನಿಗೆ ದಿನ ಹೋಗುತ್ತಿರಲಿಲ್ಲ. ಬೋಗುಣಿ ಯಾರಿಗೆ ಬೇಕಾಗಿತ್ತು! ಅವಳಿಗೆ ಬೇಕಾಗಿದ್ದದ್ದು ಮಂಕಾಳಿ. ಬೆಳಿಗ್ಗೆ ಬಂದು ಕೂತು, ಗಾಳಿಯ ದೂರು, ಗಂಡನ ತಮಾಷೆ ಎಲ್ಲ ಹೇಳುವ ಮಂಕಾಳಿ.

"ಮಂಕಾಳಿಯನ್ನು ಕಂಡೆಯಾ?" ಎಂದು ಏಡಿಯನ್ನು ಕೇಳಿದಳು. ಏಡಿ ಕಂಡಿರಲಿಲ್ಲ.

"ಮಂಕಾಳಿಗೆ ನನ್ನ ಮೇಲೆ ಕೋಪವಾ? ಅಥವಾ ಜ್ವರವಾ?" ಎಂದು ಹೊಳೆಯನ್ನು ಕೇಳಿದಳು. ಹೊಳೆಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಐದನೆಯ ಬಿರುಗಾಳಿ ಬಂತು. ಎಲ್ಲಕ್ಕಿಂತ ದೊಡ್ಡದು ಅದು. ಕಡಲಮ್ಮನ ಸಪ್ಪೆ ಮುಖ ನೋಡಿ, "ಅಷ್ಟು ಆಸೆ ಇದ್ದರೆ ಎದ್ದು ನೋಡಿ ಬಾ. ಬೆನ್ನಿಗೆ ನಾನಿದ್ದೇನೆ" ಅಂದಿತು.

"ಬೇಡ ಕಡಲಮ್ಮ" ಅಂದಿತು ಹೊಳೆ. "ನಾನು ಸಣ್ಣವಳು. ನಾನು ದಾರಿ ತಪ್ಪಿ ಒಳಗೆ ಬಂದರೇ ಗದ್ದೆ ಉಳಿಯುವುದಿಲ್ಲ. ನೀನು ಬಂದರೆ ಏನು ಉಳಿಯುತ್ತದೆ?"

"ಬಾಗಿಲಲ್ಲೇ ನಿಂತು ಮಾತಾಡಿಸಿ ಬರುತ್ತೇನೆ. ಅಷ್ಟೇ" ಅಂದಳು ಕಡಲಮ್ಮ.

ಲೋಕದಲ್ಲಿ ಮೊದಲ ಸಲ ಕಡಲು ಎದ್ದು ನಿಂತಿತು.

ಊರಿನವರು ಗುಡ್ಡಕ್ಕೆ ಓಡಿದರು. ಮಂಕಾಳಿ ಮೇಲೆ ಹತ್ತಿದಳು. ಜಟ್ಟ ಅರ್ಧ ಹತ್ತಿದವನು ನಿಂತುಬಿಟ್ಟ.

"ಬೋಗುಣಿ! ಒಳಗೇ ಉಳಿಯಿತಲ್ಲ!"

"ಬಿಡಿ ಅದನ್ನ! ಹತ್ತಿ ಬನ್ನಿ!"

"ಇನ್ನೊಬ್ಬರ ಮನೆಯ ಪಾತ್ರೆ ಮಾರಾಯ್ತಿ. ನಮ್ಮಲ್ಲಿದ್ದು ಒಡೆದರೆ ಆಮೇಲೆ ಅವಳ ಮುಖ ನೋಡೂದು ಹೇಗೆ? ನೀನು ಹತ್ತು, ನಾನು ಬಂದೆ."

ಜಟ್ಟ ಕೆಳಗೆ ಓಡಿದ.

ಕಡಲಮ್ಮ ಬಾಗಿಲಿಗೆ ಬಂದು, "ಮಂಕಾಳಿ, ಹುಷಾರಿದ್ದೀಯಾ?" ಎಂದು ಕೇಳಿದಳು. ಕೇಳಿ ಮುಗಿಸುವುದರೊಳಗೆ ಬಾಗಿಲು ಇರಲಿಲ್ಲ. ಮನೆ ಇರಲಿಲ್ಲ. ಪಕ್ಕದ ಮನೆಯೂ ಇರಲಿಲ್ಲ. ಗಾಬರಿಯಾಗಿ ತಿರುಗಿದಳು, ತಿರುಗಿದ ಕಡೆಯದೆಲ್ಲ ಹೋಯಿತು. ಹೆದರಿ ಹಿಂದಕ್ಕೆ ಓಡಿದಳು, ಓಡುವಾಗ ಊರೆಲ್ಲ ಅವಳ ಜೊತೆಗೇ ಬಂತು.

ಮರುದಿನ ಜನ ಕೆಳಗಿಳಿದು ನೋಡಿದರು. ಯಾರ ಮನೆ ಎಲ್ಲಿತ್ತೆಂದು ಹೇಳಲು ಒಂದು ಕಲ್ಲೂ ಇರಲಿಲ್ಲ. ಗದ್ದೆ ಬೆಳ್ಳಗೆ ಉಪ್ಪಾಗಿತ್ತು. ಬಾವಿಯ ನೀರು ಬಾಯಿಗಿಡುವ ಹಾಗಿರಲಿಲ್ಲ, ಅದು ಮತ್ತೆ ಸಿಹಿಯಾಗಲು ಮೂರು ಮಳೆಗಾಲ ಬೇಕಾಯಿತು. ಮಾಡು ಹೊದೆಸೋಣವೆಂದರೆ ಮಡಲಿಲ್ಲ, ಮಡಲಿಗೆ ಮರವಿಲ್ಲ, ಹೊಸ ಸಸಿ ಮರವಾಗುವಷ್ಟರಲ್ಲಿ ಕಂಕುಳಲ್ಲಿದ್ದ ಕೂಸುಗಳು ಎದೆಯೆತ್ತರ ಬೆಳೆದಿದ್ದವು.

ಮಂಕಾಳಿ ಅದನ್ನೆಲ್ಲ ನೋಡಲೇ ಇಲ್ಲ. ಆ ಬೆಳಿಗ್ಗೆಯೇ ನೇರ ದಡಕ್ಕೆ ಹೋದಳು.

"ನನ್ನ ಗಂಡ ಎಲ್ಲಿ?"

ಕಡಲಮ್ಮ, "ನನ್ನೊಳಗೇ ಇದ್ದಾನೆ ಮಂಕಾಳಿ. ಆದರೆ ನಾನು ಎಷ್ಟು ದೊಡ್ಡವಳೆಂದು ನನಗೇ ಗೊತ್ತಿರಲಿಲ್ಲ. ಎಲ್ಲಿದ್ದಾನೋ ಸಿಗುತ್ತಿಲ್ಲ" ಅಂದಳು.

"ಹುಡುಕು."

ಕಡಲಮ್ಮ ಹುಡುಕಲು ಹೋದಳು. ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದು ಮರಳ ಮೇಲೆ ಇಟ್ಟಳು. ಅದೊಂದು ಬಾಗಿಲ ಹಲಗೆ.

"ಇದಾ?"

"ಇದಲ್ಲ."

ಮತ್ತೆ ಹೋದಳು. ಒಂದು ಚಿಪ್ಪು ತಂದಳು. ಇದಾ? ಇದಲ್ಲ. ಒಂದು ತೆಂಗಿನಕಾಯಿ. ಇದಲ್ಲ. ಯಾರದೋ ಮಗುವಿನ ಮರದ ಆಟಿಕೆ. ಮಂಕಾಳಿ ಅದನ್ನು ಎತ್ತಿ ಒರೆಸಿ, ಆ ತಾಯಿಗೆ ಕೊಟ್ಟು ಬಂದು ಮತ್ತೆ ಕೂತಳು. ಜನ ಗುಡ್ಡದ ಮೇಲೆ ಹೊಸ ಮನೆ ಕಟ್ಟಿದರು, ದೋಣಿ ಮಾಡಿ ಬಲೆ ಹೆಣೆಯಲು ಕಲಿತರು. ಮಂಕಾಳಿ ಮಾತ್ರ ದಿನವೂ ದಡಕ್ಕೆ ಬಂದಳು. ಮೊದಮೊದಲು ಬೈಯುತ್ತಿದ್ದಳು. ಬೈಗುಳ ಮುಗಿದ ಮೇಲೆ ಸುಮ್ಮನೆ ಕೂರುತ್ತಿದ್ದಳು. ವರ್ಷಗಳು ಹೋದ ಮೇಲೆ, ಗಾಳಿಯ ದೂರನ್ನೂ ಮೊಣಕಾಲಿನ ನೋವನ್ನೂ ಮೊದಲಿನ ಹಾಗೆಯೇ ಹೇಳತೊಡಗಿದಳು. ಇನ್ಯಾರಿಗೆ ಹೇಳಬೇಕು? ಜಟ್ಟನನ್ನು ಅಷ್ಟು ನೆನೆಯುವವರು ಇಬ್ಬರೇ ಉಳಿದಿದ್ದರು.

ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಒಂದು ದಿನ ಅವಳು ಹೇಳಿದಳು: "ಸಾಕು ಕಡಲಮ್ಮ. ನಿನಗೂ ಸುಸ್ತಾಗಿದೆ. ಇನ್ನು ಮಲಗು."

"ಬರಿಗೈಯಲ್ಲಿ ನಿನ್ನ ಮುಂದೆ ಹೇಗೆ ನಿಲ್ಲಲಿ ಮಂಕಾಳಿ? ಇನ್ನೊಂದು ಸಲ ನೋಡಿ ಬರುತ್ತೇನೆ."

ಕಡಲಮ್ಮ ಹೋಗಿ, ಒಂದು ಚಿಪ್ಪು ಹಿಡಿದು ಬಂದಳು. ಮಂಕಾಳಿ ಅಲ್ಲಿರಲಿಲ್ಲ. ಮರುದಿನವೂ ಇರಲಿಲ್ಲ. ಊರಿನವರು ಅವಳನ್ನು ಗುಡ್ಡದ ಮೇಲೆ ಮಣ್ಣು ಮಾಡಿದ್ದರು. ಏಡಿಗೆ ಅದು ಗೊತ್ತಿತ್ತು, ಹೊಳೆಗೂ ಗೊತ್ತಿತ್ತು, ಆದರೆ ಕಡಲಮ್ಮನಿಗೆ ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ಕಡಲಿಗೆ ಕರುಳಿಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾ ಇಲ್ಲಿ, ಚಪ್ಪಲಿ ಬಿಚ್ಚಿ ನನ್ನ ಪಕ್ಕ ನಿಂತು ನೋಡು: ಇವತ್ತಿಗೂ ಅಲೆ ಓಡೋಡಿ ಬರುತ್ತದೆ, ಕೈಗೆ ಸಿಕ್ಕಿದ ಚಿಪ್ಪನ್ನೋ ಕಡ್ಡಿಯನ್ನೋ ಮರಳ ಮೇಲೆ ಇಡುತ್ತದೆ, "ಇದಾ?" ಎಂದು ಕೇಳಿ ಒಂದು ಗಳಿಗೆ ಕಾಯುತ್ತದೆ, ಹೇಳುವವರು ಯಾರೂ ಇಲ್ಲದ್ದರಿಂದ ಮತ್ತೆ ಹುಡುಕಲು ಹಿಂದಕ್ಕೆ ಹೋಗುತ್ತದೆ.